ತಿರುವಿದ ಕಾಲರು

ಬೆಟಗೇರಿ ದಾರಿಯ ರೈಲ್ವೆ ಗೇಟು ಹಾಕಿತ್ತು. ಶ್ರೀಪಾದ ಕೈಚೀಲವನ್ನು ಎದೆಗವಚಿಕೊಂಡು ನಿಂತ. ಚೀಲದಲ್ಲಿದ್ದದ್ದು ಒಂದು ಹಳೆಯ ಅಂಗಿ, ಬೇರೇನಲ್ಲ. ಆದರೂ ಸೇಂಗಾ ಹೇರಿದ ಚಕ್ಕಡಿಯವರು, ಸೈಕಲ್ಲಿನವರು, ತಲೆಯ ಮೇಲೆ ನೂಲಿನ ಗಂಟು ಹೊತ್ತ ಹೆಂಗಸು, ಎಲ್ಲರೂ ತನ್ನ ಕೊರಳನ್ನೇ ನೋಡುತ್ತಿದ್ದಾರೆ ಎಂಬ ಗುಮಾನಿ ಅವನಿಗೆ. ಅವರಿಗೇನು ಬೇರೆ ಕೆಲಸವಿಲ್ಲವೆ? ಅವರು ನೋಡುತ್ತಿದ್ದದ್ದು ರೈಲು ಬರುವ ದಿಕ್ಕನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನೋ ಯಾರೂ ಏನೂ ಅನ್ನುವ ಮೊದಲೇ ಮುಟ್ಟಿ ನೋಡಿಕೊಳ್ಳುವ ಪೈಕಿ. ಈಗಲೂ ಕೈ ತಾನಾಗಿ ಕೊರಳಿಗೆ ಹೋಯಿತು. ಕತ್ತಿನ ಹಿಂದೆ ಕೂದಲು ಚುಚ್ಚುವಷ್ಟು ಬೆಳೆದಿತ್ತು. ಅವ್ವ ತೀರಿಕೊಂಡು ಒಂದೂವರೆ ತಿಂಗಳು. ಬೋಳಿಸಿದ ತಲೆಯ ಮೇಲೆ ಕೂದಲು ಯಾರನ್ನೂ ಕೇಳದೆ ಮತ್ತೆ ಬಂದುಬಿಟ್ಟಿತ್ತು, ಅದಕ್ಕೂ ಅವನಿಗೆ ನಾಚಿಕೆಯೆನಿಸುತ್ತಿತ್ತು. ರೈಲು ಬಂತು, ಹೋಯಿತು, ಗೇಟು ತೆರೆಯಿತು.

ಗುರುವಾರ ಕನ್ನಡ ರಾಜ್ಯ ಒಂದಾಗುವುದಿತ್ತು. ಮುಂಬೈ ಕಡೆಯ ನಾವು, ನಿಜಾಮನ ಕಡೆಯ ಅವರು, ಮೈಸೂರಿನ ಇವರು, ಇಷ್ಟು ವರ್ಷ ಮೂರು ಮನೆಯಲ್ಲಿ ಉಂಡವರು ಒಂದೇ ಪಂಕ್ತಿಗೆ ಕೂಡುವ ದಿನ ಎಂದು ಹೆಡ್‌ಮಾಸ್ತರರು ಶಾಲೆಯಲ್ಲಿ ಹತ್ತು ಸಲ ಹೇಳಿಯಾಗಿತ್ತು. ಮಾಸ್ತರರೆಲ್ಲ ಬಿಳಿ ಬಟ್ಟೆಯಲ್ಲಿ ಬರಬೇಕು. ಶ್ರೀಪಾದನ ಕಂಠ ತಿಳಿಯಾದದ್ದು, ಉಚ್ಚಾರ ಶುದ್ಧ. ಆದ್ದರಿಂದ ವೇದಿಕೆಯ ಮೇಲೆ ನಿಂತು ಸ್ವಾಗತದ ಮಾತು ಓದುವವನು ಅವನು. ದೀಪಾವಳಿಯೂ ಅದೇ ವಾರ ಬಂದಿತ್ತು, ಊರೆಲ್ಲ ಹೊಸ ಅರಿವೆಯ ಗಡಿಬಿಡಿಯಲ್ಲಿತ್ತು. ಆದರೆ ತಾಯಿಯ ವರ್ಷಾಂತಿಕ ಆಗುವ ತನಕ ಅವನಿಗೆ ಹೊಸ ಅರಿವೆ ಇಲ್ಲ. ಇದ್ದ ಬಿಳಿ ಅಂಗಿಗಳಲ್ಲಿ ವೇದಿಕೆಗೆ ತಕ್ಕದ್ದು ಇದೊಂದೇ, ಅದರ ಕಾಲರು ಕತ್ತಿಗೆ ತಾಗುವಲ್ಲಿ ಸವೆದು ಎಳೆ ಎದ್ದಿತ್ತು. ಕಾಲರು ಬಿಚ್ಚಿ, ಒಳಮೈ ಹೊರಗೆ ಮಾಡಿ ಹೊಲಿದರೆ ಇನ್ನೆರಡು ವರ್ಷ ಬಾಳೀತು. ಗದಗಿನ ನೌಕರಸ್ಥರೆಲ್ಲ ಮಾಡುವುದೇ ಹಾಗೆ. ಬೆಳಿಗ್ಗೆ ಅಂಗಿಯನ್ನು ಟ್ರಂಕಿನಿಂದ ತೆಗೆಯುವಾಗ ಹೆಂಡತಿ ವಿಮಲಾಬಾಯಿ ಬಾಗಿಲಲ್ಲಿ ನಿಂತು, ತಿರುವಿಸುವುದು ಬೇಡ, ಹಾಗೇ ತೊಟ್ಟುಕೊಂಡು ಹೋಗಿರಿ, ಎಳೆ ಎದ್ದದ್ದು ಯಾರಿಗೆ ಕಾಣುತ್ತದೆ ಅಂದಿದ್ದಳು. ಯಾಕೆ ಎಂದು ಕೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋಗಿದ್ದಳು. ಹೆಂಗಸರ ಶಾಸ್ತ್ರ ಯಾವುದೋ ಇದ್ದೀತು ಎಂದು ಅವನು ಚೀಲಕ್ಕೆ ತುರುಕಿಕೊಂಡು ಹೊರಟುಬಿಟ್ಟಿದ್ದ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಅವನ ಜನ್ಮವೆಲ್ಲ ಈ ಗಾದೆಯ ಎರಡನೆಯ ಅರ್ಧದಲ್ಲೇ ಕಳೆದಿತ್ತು.

ಅಂಗಿಯೇನೋ ಸಾಮಾನ್ಯದ್ದಲ್ಲ. ಮೂರು ವರ್ಷದ ಹಿಂದೆ ಹತ್ತಿ, ಜೋಳ ನೋಡಲು ಸರಕಾರದ ಜೀಪಿನಲ್ಲಿ ಒಬ್ಬ ಅಮೇರಿಕದವನು ಬಂದಿದ್ದ. ಜನ ಅವನನ್ನು ಜೀಪಿನ ಸಾಹೇಬ ಅನ್ನುತ್ತಿದ್ದರು. ಇಂಗ್ಲಿಷ್ ಬಲ್ಲವನೆಂದು ಶ್ರೀಪಾದನನ್ನು ಹದಿನೈದು ದಿನ ಅವನ ಜೊತೆಗೆ ಕೊಟ್ಟರು. ಸಾಹೇಬನ ಮಾತಿಗಿಂತ ಅವನ ಬಟ್ಟೆಯೇ ಶ್ರೀಪಾದನ ತಲೆಯಲ್ಲಿ ಹೊಕ್ಕಿತು. ಗದಗಿನ ಸಾಹೇಬರು ಅಂದರೆ ಗಂಜಿ ಹಾಕಿ ತಗಡಿನಂತೆ ನಿಲ್ಲಿಸಿದ ಕಾಲರು, ಭುಜಕ್ಕೆ ಹತ್ತಿ ತುರುಕಿದ ಕೋಟು. ಈತನ ಕೋಟಿಗೆ ಭುಜವೇ ಇರಲಿಲ್ಲ, ಇದ್ದ ಭುಜದ ಮೇಲೆ ಸುಮ್ಮನೆ ಕೂತಿತ್ತು. ಬೂಟಿಗೆ ಲೇಸಿಲ್ಲ. ಅಂಗಿಯ ಬೆನ್ನಿಗೊಂದು ನಿರಿಗೆ, ಅದರ ನೆತ್ತಿಯಲ್ಲಿ ಗೂಟಕ್ಕೆ ತೂಗುಹಾಕಲೊಂದು ಕುಣಿಕೆ. ಕಾಲರಿನ ಒಳಗೆ ಅದನ್ನು ಬಿಗಿಯಾಗಿ ನಿಲ್ಲಿಸುವ ಬಕರಂ ಬಟ್ಟೆ ಇಲ್ಲ. ಅದು ಮೆತ್ತಗೆ ಉಬ್ಬಿ ಹೊರಳಿ ಇಳಿದು ಬರುತ್ತಿತ್ತು, ಮತ್ತು ಅದರ ಎರಡೂ ತುದಿಗೆ ಕಾಜ ಮಾಡಿ ಎದೆಯ ಮೇಲಿನ ಪುಟ್ಟ ಗುಂಡಿಗಳಿಗೆ ಸಿಕ್ಕಿಸಿತ್ತು. ಕುದುರೆಯ ಮೇಲೆ ಕೂತು ಚೆಂಡಾಡುವವರು ಗಾಳಿಗೆ ಕಾಲರು ಮುಖಕ್ಕೆ ಬಡಿಯಬಾರದೆಂದು ಮಾಡಿಕೊಂಡ ಉಪಾಯವಂತೆ, ಈಗ ಅವರ ಕಡೆ ಕಾಲೇಜಿನವರೆಲ್ಲ ಇದನ್ನೇ ಹಾಕುತ್ತಾರಂತೆ. ಏನೂ ಪ್ರಯತ್ನ ಮಾಡದೆ ಚೆಲುವಾಗಿ ಕಾಣುವ ಆ ಮನುಷ್ಯನನ್ನು ನೋಡಿ ಶ್ರೀಪಾದ ತನ್ನ ಬಿರುಸು ಕಾಲರನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಸಾಹೇಬ ಒಂದು ದಿನ ತೋಳು ಹರಿದ ಅಂಗಿಯೊಂದನ್ನು ಹೊಲಿಸಿ ತರಲು ಕೊಟ್ಟ. ಶ್ರೀಪಾದ ಅದನ್ನು ಬೆಟಗೇರಿಯ ಮೌಲಾಸಾಬನ ಅಂಗಡಿಯಲ್ಲಿ ಒಂದು ದಿನ ಹೆಚ್ಚಿಗೆ ಇರಿಸಿ, ಹಳೆಯ ಪತ್ರಿಕೆಯ ಮೇಲೆ ಅಳತೆ ಇಳಿಸಿಕೊಂಡು, ದಪ್ಪ ಬಿಳಿ ಬಟ್ಟೆಯಲ್ಲಿ ತನಗೊಂದು ಮಾಡಿಸಿಕೊಂಡ. ಇದು ಕಳವೋ ಅಲ್ಲವೋ ಎಂದು ಆಗ ಬಹಳ ಯೋಚಿಸಿದ್ದ. ಕಳವಿಗಿಂತ ದೊಡ್ಡದು ಮುಂದೆ ಕಾದಿದೆ ಎಂದು ಆಗ ಅವನಿಗೆ ಹೇಗೆ ಗೊತ್ತಾಗಬೇಕು.

ಹೊಸ ಅಂಗಿ ಮನೆಗೆ ಬಂದಾಗ ವಿಮಲಾಬಾಯಿ ಚೊಚ್ಚಲ ಬಾಣಂತನಕ್ಕೆ ಲಕ್ಷ್ಮೇಶ್ವರದ ತವರಿನಲ್ಲಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ. ಭಾಗೀರಥಿಬಾಯಿ: ಕೆಂಪು ಮಡಿಸೀರೆ, ಬೋಳು ತಲೆಯ ಮೇಲೆ ಎಳೆದ ಸೆರಗು. ಆ ಮನೆಯಲ್ಲಿ ಯಾವ ಹೊಸ ಅರಿವೆಯೂ ಅರಿಷಿಣ ಮುಟ್ಟದೆ ಮೈ ಮುಟ್ಟಿದ್ದಿಲ್ಲ. ಒಂದೇ ಒಂದು ಸಲ ತಪ್ಪಿತ್ತು: ಅಪ್ಪ ಹೊಸ ಕೋಟು ತೊಟ್ಟು ನಸುಕಿನಲ್ಲೇ ಮುಂಡರಗಿಗೆ ಹೋದವರು, ಅವ್ವ ಅಂದು ಹೊರಗೆ ಕೂತಿದ್ದಳು, ಮುಟ್ಟುವಂತಿರಲಿಲ್ಲ, ನಾಲ್ಕನೆಯ ದಿನ ಅದೇ ಕೋಟಿನಲ್ಲಿ ಅವರನ್ನು ಚಕ್ಕಡಿಯಲ್ಲಿ ಮಲಗಿಸಿ ತಂದರು. ಅಂದಿನಿಂದ ಅರಿಷಿಣ ಅವಳ ಕೈಯಿಂದ ಹೋಯಿತು. ಮಗನ ಪ್ರತಿ ಹೊಸ ಅಂಗಿಗೆ ಅವಳು ಓಣಿಯ ಮುತ್ತೈದೆ ಯಾರನ್ನಾದರೂ ಕರೆದು, ತಾನು ದೂರ ನಿಂತು, ಹಚ್ಚಿಸುತ್ತಿದ್ದಳು. ಆ ಮುಂಜಾನೆ ಯಾರೂ ಸಿಗಲಿಲ್ಲವೋ, ಜೀಪು ಬಾಗಿಲಿಗೆ ಬಂದು ಹಾರ್ನು ಹೊಡೆಯುತ್ತಿತ್ತೋ. ಶ್ರೀಪಾದ ಸ್ನಾನ ಮುಗಿಸಿ ಬಂದಾಗ ಅಂಗಿ ಮಣೆಯ ಮೇಲೆ ಮಡಿಚಿ ಇತ್ತು, ಕಾಲರಿನ ಗುಂಡಿ ಎರಡೂ ಹಾಕಿದ್ದವು.

ಹೊಂಬಳದ ಎರೆಹೊಲದಲ್ಲಿ ಗಾಳಿಗೆ ಮಾತೇ ಕೇಳುತ್ತಿರಲಿಲ್ಲ. ಮಾಮಲೆದಾರರಿದ್ದರು, ಊರ ಹಿರಿಯರಿದ್ದರು, ಜೊತೆಗೆ ಶ್ರೀಪಾದನ ಶಾಲೆಯವನೇ ಆದ ಅಂದಾನಪ್ಪ ಮಾಸ್ತರ, ಹೊಂಬಳ ಅವನ ಊರು. ಕಾಲರಿಗೆ ಗೂಟ ಹೊಡಿಸ್ಯಾರ, ದನಾ ಕಟ್ಟಿದಂಗ ಕಟ್ಯಾರ ಎಂದು ಆಗಲೇ ಎಲ್ಲರ ನಗೆ ಆಗಿತ್ತು, ಶ್ರೀಪಾದನೂ ನಕ್ಕಿದ್ದ. ನಗೆಯಲ್ಲೊಂದು ಹೊಟ್ಟೆಕಿಚ್ಚು ಇದೆಯೆಂದು ಒಳಗೊಳಗೇ ಸುಖವಾಗಿತ್ತು. ಅಷ್ಟರಲ್ಲಿ ಎಡಗಡೆಯ ಗುಂಡಿ ದಾರ ಕಡಿದು ಹಾರಿ ಎಲ್ಲೋ ಬಿತ್ತು, ಕಾಲರಿನ ತುದಿ ಎದ್ದು ಗಲ್ಲಕ್ಕೆ ಬಡಿಯಿತು. ಒಳಮೈಯಲ್ಲಿ ಬೆರಳಿನ ಅಗಲ ಅರಿಷಿಣ. ಅಮೇರಿಕದವನು ಬಗ್ಗಿ ಕಪ್ಪು ಮಣ್ಣಿನಲ್ಲಿ ಗುಂಡಿ ಹುಡುಕತೊಡಗಿದ, ಅವನು ಬಗ್ಗಿದ್ದಕ್ಕೆ ಮಾಮಲೆದಾರರೂ ಬಗ್ಗಬೇಕಾಯಿತು. ಬಗ್ಗದೆ ನಿಂತವನು ಅಂದಾನಪ್ಪ ಒಬ್ಬನೇ. ನಿಮ್ಮ ಮನಿಯವರು ಲಕ್ಷ್ಮೇಶ್ವರದಾಗ ಅದಾರ, ಅರಿಷಿಣಾ ಹಚ್ಚಿದವರು ಯಾರ್ರಿ ಮತ್ತ, ಎಂದು ಅವನು ಸಹಜವಾಗಿ ಕೇಳಿದ. ಮನೆಯಲ್ಲಿರುವುದು ವಿಧವೆ ತಾಯಿ ಒಬ್ಬಳೇ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ, ಬಗ್ಗಿದ ಬೆನ್ನುಗಳ ನಡುವೆ ಯಾರೋ ಕಿಸಕ್ಕೆಂದರು. ಸಾಹೇಬ ಏನೆಂದು ಕೇಳಿದ. ಇಂಗ್ಲಿಷಿಗೆ ತಿರುಗಿಸಿ ಹೇಳುವ ಕೆಲಸ ಶ್ರೀಪಾದನದೇ ಆಗಿತ್ತು. ಏನಿಲ್ಲ, ಅಡುಗೆಮನೆಯ ಕಲೆ ಅಂದ.

ಮನೆಗೆ ಬಂದವನು ಬೂಟು ಸಹ ಬಿಚ್ಚಲಿಲ್ಲ. ಅವ್ವ ತಾಟು ಹಾಕಿ ಕಾದಿದ್ದಳು. ಕಾಲರಿನ ತುದಿಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು, ಓಣಿಗೆ ಕೇಳುವಂತೆ, ಅವನು ಆ ಮಾತು ಅಂದ.

"ಯಾರು ಹಚ್ಚು ಅಂದ್ರು ನಿನಗ? ನಿನ್ನ ಕೈ ಅರಿಷಿಣಕ್ಕ ಬರೋ ಕೈ ಏನು?"

ಅವಳು ತನ್ನ ಕೈ ನೋಡಿಕೊಂಡಳು. ಅಂಗೈ, ಆಮೇಲೆ ಹಿಂಗೈ, ಯಾರೋ ಕೊಟ್ಟು ಹೋದ ವಸ್ತುವನ್ನು ನೋಡುವಂತೆ. ಆತಪಾ, ಇನ್ನ ಮುಟ್ಟೂದಿಲ್ಲ ಅಂದಳು, ಅನ್ನ ಬಡಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಹುಡುಗರಿಂದ ವರ್ಷವರ್ಷ ಬರೆಯಿಸಿದ ಮನುಷ್ಯ ಅನ್ನ ಕಲಸಿಕೊಂಡು ಉಂಡ. ವಿಮಲಾ ಮಗುವಿನೊಡನೆ ಬಂದಳು, ಕಿತ್ತ ಗುಂಡಿಯ ಜಾಗದಲ್ಲಿ ಬೇರೊಂದು ಕೂತಿತು, ಅಂಗಿ ಅವನ ಸೋಮವಾರದ ಅಂಗಿಯಾಯಿತು. ಅಗಸರ ಮನೆಯಿಂದ ಬಂದಾಗಲೆಲ್ಲ ಅದು ಮಡಿಕೆಯಾಗಿ, ಕಾಲರಿನ ಗುಂಡಿ ಎರಡೂ ಹಾಕಿಯೇ ಕೈಗೆ ಬರುತ್ತಿತ್ತು. ಹೆಂಡತಿಯ ಕಾಳಜಿ ಎಂದು ಅವನು ಒಳಗೇ ಮೆಚ್ಚಿಕೊಂಡು ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುತ್ತಿದ್ದ. ಮೂರು ವರ್ಷ ಆ ಗುಂಡಿಗಳನ್ನು ಅವನು ತನ್ನ ಕೈಯಿಂದ ಬಿಚ್ಚಿದ್ದೇ ಇಲ್ಲ.

ಇಂದು ಅವನ್ನು ಬಿಚ್ಚಿದವನು ಮೌಲಾಸಾಬ. ಅಂಗಡಿಯಲ್ಲಿ ದೀಪಾವಳಿಯ ಹೊಲಿಗೆ ಗುಡ್ಡೆ ಬಿದ್ದಿತ್ತು. ಒಳಮನೆಯ ಬಾಗಿಲಲ್ಲಿ ಅವನ ಹೆಂಡತಿ ಅಲ್ಮಾಸಬಿ ಕೂತು ಕಾಜ ಕಟ್ಟುತ್ತಿದ್ದಳು. ಬೆಂಚಿನ ಮೇಲೆ ಕೋಟಿನ ತೋಳಿನ ಅಳತೆಗೆ ಬಂದ ಅಂದಾನಪ್ಪ ಮಾಸ್ತರ ಕೂತಿದ್ದ. ಬೇರೆ ಯಾರಾದರೂ ಇರಬಾರದಿತ್ತೆ? ಬರ್ರಿ ಬರ್ರಿ ಎಂದು ಅವನು ಸರಿದು ಜಾಗ ಮಾಡಿಕೊಟ್ಟ, ತಾಯಿಯವರ ಸುದ್ದಿ ಕೇಳಿ ಮನಸಿಗೆ ಕೆಟ್ಟನಿಸಿತು ಅಂದ, ಶ್ರೀಪಾದ ಅವನ ಬಾಯಿಯನ್ನೇ ನೋಡುತ್ತ ಕೂತ. ಮೌಲಾಸಾಬ ಅಂಗಿಯನ್ನು ಗುರುತು ಹಿಡಿದು, ನನ್ನ ಕೈಯಾಗಿಂದ ಹ್ವಾದದ್ದು, ಇಂಥಾ ಕಾಲರಾ ಗದಗ ಬೆಟಗೇರಿಯೊಳಗ ಮತ್ತೊಂದಿಲ್ಲ ಎಂದು ಹೆಮ್ಮೆಯಿಂದ ಝಾಡಿಸಿದ. ಗುಂಡಿ ಬಿಚ್ಚಿದ, ಬ್ಲೇಡಿನಿಂದ ಹೊಲಿಗೆ ಕೊಯ್ದ, ಕಾಲರನ್ನು ಪಟ್ಟಿಯಿಂದ ಬೇರೆ ಮಾಡಿ ಮಗುಚಿದ. ಮಗುಚಿ ಬ್ಲೇಡು ಕೆಳಗಿಟ್ಟ. ಎಡದ ತುದಿಯ ಒಳಮೈಯಲ್ಲಿ ಒಂದು ಕಲೆ. ಅಂಚಿಗೆ ಸೋಡಾದ ನೀರು ತಿಂದ ಕಂದು, ಅದರೊಳಗೆ ಮಾಸಿದ ಕೆಂಪು, ಅದರೊಳಗೆ ತಿಳಿ ಕೆಂಪು, ನಟ್ಟನಡುವೆ ಇನ್ನೂ ಹಸಿ ಹಳದಿ.

"ಮಾಸ್ತರ, ಇದು ಒಂದ ಸಲ ಹಚ್ಚಿದ್ದಲ್ಲರಿ," ಅಂದ ಮೌಲಾಸಾಬ. "ಎಷ್ಟ ಸಲ ತೊಳದಾರೋ ಅಷ್ಟ ಸಲ ಹಚ್ಚ್ಯಾರ."

ಶ್ರೀಪಾದನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಮ್ಮೆಲೇ ಆಯಿತು. ಆ ಬೆರಳಿನ ಅಗಲ ಅವನಿಗೆ ಗೊತ್ತಿತ್ತು. ಇನ್ನ ಮುಟ್ಟೂದಿಲ್ಲ ಅಂದಿದ್ದಳು. ಒಂದೂ ಸುಳ್ಳು ಆಡದ ಹೆಂಗಸು, ಏಕಾದಶಿಯ ದಿನ ನೀರು ಕುಡಿದರೂ ಹೇಳಿ ಕುಡಿಯುವವಳು, ಮೂರು ವರ್ಷ ಪ್ರತಿ ತೊಳೆತಕ್ಕೂ ಮಗನ ಕೊರಳ ಕೆಳಗೆ ಅವನಿಗೆ ಕಾಣದಂತೆ ಹಚ್ಚಿ ಗುಂಡಿ ಹಾಕುತ್ತ ಬಂದಿದ್ದಳು. ಅವನು ಆ ಗುಂಡಿ ಹಾಕಿದವಳನ್ನು ಮೆಚ್ಚಿದ್ದ, ಯಾರನ್ನೆಂದು ತಿಳಿಯದೆ. ಹೊಲಿಗೆಯಂತ್ರ ನಿಂತಿತ್ತು. ತಿರುವಿದರ ಇದು ಮ್ಯಾಲ ಬರತೈತಿ, ಎಲ್ಲಾರಿಗೂ ಕಾಣತೈತಿ, ಏನ ಮಾಡಲಿ ಹೇಳ್ರಿ, ತಿರುವೂದ ಬಿಟ್ಟು ಸವದಲ್ಲಿ ಒಂದ ಪಟ್ಟಿ ಹಚ್ಚಿ ಕೊಡಲೇನು, ಎಂದು ಮೌಲಾಸಾಬ ಕೇಳುತ್ತಿದ್ದ. ಅಂದಾನಪ್ಪ ಕನ್ನಡಕ ಏರಿಸಿ ಬಗ್ಗಿ ನೋಡುತ್ತಿದ್ದ. ಹೊಂಬಳದ ಗಾಳಿ, ಬಗ್ಗಿದ ಬೆನ್ನುಗಳು, ಕಿಸಕ್ಕೆಂದ ಯಾರೋ. ಈಗ ಕೇಳುತ್ತಾನೆ, ಹಚ್ಚಿದವರು ಯಾರೆಂದು ಈಗ ಕೇಳುತ್ತಾನೆ.

"ತಗದಬಿಡ್ರಿ," ಅಂದ ಶ್ರೀಪಾದ. ಧ್ವನಿ ವೇದಿಕೆಯ ಮೇಲಿನಂತೆ ತಿಳಿಯಾಗಿತ್ತು. "ಏನೂ ಉಳೀಬಾರದು."

ಇರಲಿ ಬಿಡ್ರಿ, ಅರಿಷಿಣ ಅಲ್ಲೇನು, ಪಟ್ಟಿ ಹಚ್ಚಿಸಿಕೊಂಡ ಬಿಡ್ರಿ ಅಂದ ಅಂದಾನಪ್ಪ, ಮೆಲ್ಲಗೆ, ಕನ್ನಡಕ ತೆಗೆದು ಒರೆಸುತ್ತ. ಅವನಿಗೆ ಹೊಂಬಳದ್ದು ನೆನಪೇ ಇರಲಿಲ್ಲ. ಅದು ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಶ್ರೀಪಾದನಿಗೆ ಒಂದು ಆಸರೆಯಾದರೂ ಇರುತ್ತಿತ್ತು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಅವನು ಎಂದು ಕಲಿತಿದ್ದ? ಬೇಡ, ಕಲೆ ಕಲೆಯೇ, ಸಂಜೆಗೆ ಬರುತ್ತೇನೆ ಎಂದು ಎದ್ದ. ಅಲ್ಮಾಸಬಿ ಕಾಲರನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ಮೆಟ್ಟಿಲು ಇಳಿಯುವಾಗ ಕಣ್ಣಿಗೆ ಬಿತ್ತು.

ಶಾಲೆಯಲ್ಲಿ ಹುಡುಗರು ಬಣ್ಣದ ಕಾಗದ ಅಂಟಿಸುತ್ತಿದ್ದರು. ಶ್ರೀಪಾದ ಸ್ವಾಗತದ ಮಾತನ್ನು ಮತ್ತೆ ಮತ್ತೆ ಓದಿಕೊಂಡ. ಚದುರಿದ ಮಕ್ಕಳು ತಾಯಿಯ ಮಡಿಲಿಗೆ ಬಂದ ಶುಭದಿನ ಎಂಬ ಸಾಲು ಅವನೇ ಬರೆದದ್ದು, ಹೆಡ್‌ಮಾಸ್ತರರು ಬಹಳ ಮೆಚ್ಚಿದ್ದರು. ಆ ಸಾಲಿಗೆ ಬಂದಾಗಲೆಲ್ಲ ಬಿಟ್ಟು ಮತ್ತೆ ಮೊದಲಿನಿಂದ ಓದುತ್ತಿದ್ದ. ಅವಳು ಯಾವಾಗ ಹಚ್ಚುತ್ತಿದ್ದಳು? ಅವನು ಸ್ನಾನಕ್ಕೆ ಹೋದಾಗಲೆ? ಅರಿಷಿಣದ ಭರಣಿ ದೇವರಮನೆಯಲ್ಲಿ, ಅದನ್ನು ಮುಟ್ಟುವಾಗ ಅವಳು ಯಾರಿಗೆ ಹೆದರುತ್ತಿದ್ದಳು, ದೇವರಿಗೋ ಮಗನಿಗೋ? ಗಂಡನನ್ನು ನುಂಗಿದ ಕೋಟಿನ ನೆನಪು ಒಂದು ಕಡೆ, ನಿನ್ನ ಕೈ ಬರೋ ಕೈ ಏನು ಎಂಬ ಮಾತು ಒಂದು ಕಡೆ, ನಡುವೆ ಆ ಬೆರಳು. ಅವಳು ಬಿಟ್ಟುಹೋದದ್ದು ಏನಿತ್ತು? ಎರಡು ಮಡಿಸೀರೆ ಯಾರಿಗೋ ಕೊಟ್ಟಾಯಿತು, ಜಪಮಾಲೆ ತುಂಗಭದ್ರೆಗೆ ಹೋಯಿತು, ಫೋಟೋ ತೆಗೆಸಿಕೊಳ್ಳಲು ಅವಳು ಒಪ್ಪಿರಲಿಲ್ಲ. ಜಗತ್ತಿನಲ್ಲಿ ಅವಳ ಕೈಯದೊಂದು ಗುರುತು ಉಳಿದಿದ್ದರೆ ಅದು ಆ ಕಾಲರಿನ ತುದಿಯಲ್ಲಿತ್ತು, ಅದನ್ನು ಅವನು ಅಂದಾನಪ್ಪನ ಮುಂದೆ, ಏನೂ ಉಳೀಬಾರದು ಎಂದು ಕೊಟ್ಟು ಬಂದಿದ್ದ. ಹಾಗೇ ಇರಲಿ ಎಂದು ಹೇಳಿದರಾಯಿತು. ಹರಿದ ಕಾಲರಿನಲ್ಲೇ ನಿಂತರಾಯಿತು. ಎರಡು ಗಂಟೆಗೆ ಹೆಡ್‌ಮಾಸ್ತರರಿಗೆ ತಲೆಶೂಲೆ ಎಂದು ಹೇಳಿ ಹೊರಬಿದ್ದವನು ಮೊದಲು ನಡೆದ, ಆಮೇಲೆ ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಓಡಿದ. ಗೇಟು ಮತ್ತೆ ಹಾಕಿತ್ತು. ಗೂಡ್ಸ್ ಗಾಡಿ, ಒಂದೊಂದೇ ಡಬ್ಬಿ, ಮುಗಿಯಲೇ ಒಲ್ಲದು. ತಲೆಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಮಳೆ ಹೋದ ಮೇಲಿನ ಬಿಸಿಲು, ಎಲ್ಲ ಬಣ್ಣವನ್ನೂ ತಿನ್ನುವ ಬಿಸಿಲು ಎಂದು ಹೊಳೆದದ್ದು ಅಲ್ಲಿ ನಿಂತಾಗ.

ಅಲ್ಮಾಸಬಿ ಹಿತ್ತಲಿನ ಹಗ್ಗದಿಂದ ಕಾಲರನ್ನು ಬಿಡಿಸಿಕೊಂಡು ತಾನೇ ಎದುರಿಗೆ ಬಂದಳು. ಗಂಡನ ಕೈಗೆ ಪುರುಸೊತ್ತಿಲ್ಲವೆಂದು, ಮಾಸ್ತರರ ಕಾರ್ಯಕ್ರಮ ಇದೆಯೆಂದು, ತನ್ನ ಕೆಲಸ ಬಿಟ್ಟು ಮೂರು ಸಲ ಸಾಬೂನು ಹಾಕಿ ತಿಕ್ಕಿದ್ದಳಂತೆ. ಮೊದಲು ಕುಂಕುಮದಷ್ಟು ಕೆಂಪಾಯಿತಂತೆ, ಅವಳಿಗೇ ಅಂಜಿಕೆ ಬಂತಂತೆ. ಆಮೇಲೆ ನಿಂಬೆಹುಳಿ, ಆಮೇಲೆ ಬಿಸಿಲು. ನೋಡ್ರಿ, ಏನರ ಐತೇನು, ಎಂದು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಅವಳ ಬೆರಳ ತುದಿಗಳು ಸಾಬೂನಿಗೆ ಸುಕ್ಕುಗಟ್ಟಿದ್ದವು. ಏನೂ ಇರಲಿಲ್ಲ. ಬಿಳಿ ಬಟ್ಟೆ, ಹೊಸದರಂತೆ. ಇಷ್ಟು ಕಷ್ಟಪಟ್ಟವಳಿಗೆ ಏನು ಹೇಳುವುದು? ಚಲೋ ಆತು, ಬಹಳ ಚಲೋ ಆತು ಅಂದ ಶ್ರೀಪಾದ. ಮೌಲಾಸಾಬ ಯಂತ್ರಕ್ಕೆ ಹಾಕಿ ಹೊಲಿದ, ಎಡದ ತುದಿ ಬಲಕ್ಕೆ ಬಂತು. ಅಲ್ಮಾಸಬಿ ಕಾಜಗಳನ್ನು ಹೊಸ ದಾರದಿಂದ ಮತ್ತೆ ಕಟ್ಟಿದಳು. ಅಷ್ಟು ಹೊತ್ತೂ ಅವನು ಬೆಂಚಿನ ಮೇಲೆ ಕೂತೇ ಇದ್ದ. ಅವನ ಕಣ್ಣಲ್ಲಿ ನೀರು ಕಂಡು ಮೌಲಾಸಾಬ ತಲೆ ತಗ್ಗಿಸಿ ಹೊಲಿದ.

ಎರಡು ದಿನ ಅಂಗಿ ಟ್ರಂಕಿನಲ್ಲೇ ಇತ್ತು. ಗುರುವಾರ ಬೆಳಿಗ್ಗೆ ಓಣಿಯ ಮುಂದೆ ಪ್ರಭಾತಫೇರಿ ಹಾಡುತ್ತ ಹೋಯಿತು. ಶ್ರೀಪಾದ ಅಂಗಿ ತೊಟ್ಟು ದೇವರಮನೆಯ ಬಾಗಿಲಲ್ಲಿ ನಿಂತಾಗ ವಿಮಲಾಬಾಯಿ ಹತ್ತಿರ ಬಂದಳು, ಕಾಲರಿನ ಎಡದ ಗುಂಡಿ ಬಿಚ್ಚಿ ತುದಿ ಎತ್ತಿ ನೋಡಿದಳು, ಬಲದ್ದನ್ನೂ ನೋಡಿದಳು.

"ತೊಳದ್ರೇನು?"

"ಹೂಂ."

"ಎಲ್ಲಾ?"

ಅವನು ಹೌದೆಂದು ತಲೆಯಾಡಿಸಿದ. ನಿನಗ ಗೊತ್ತಿತ್ತೇನು ಎಂದು ಕೇಳಿದ. ಗೊತ್ತಿತ್ತು ಅಂದಳು. ತವರಿನಿಂದ ಬಂದ ವಾರವೇ ಕಣ್ಣಿಗೆ ಬಿದ್ದಿತ್ತಂತೆ. ನಾ ಹಚ್ಚತೀನ್ರಿ, ನಾ ಮುತ್ತೈದಿ ಇದ್ದೀನಲ್ಲಾ ಅಂದರೆ ಅತ್ತೆ ಒಪ್ಪಲಿಲ್ಲವಂತೆ. ನಿನ್ನ ಗಂಡಗ ನೀ ಹಚ್ಚು, ನನ್ನ ಮಗಗ ನಾ ಹಚ್ಚತೀನಿ ಅಂದರಂತೆ. ಭರಣಿ ಮುಂದಿಟ್ಟು ಇವಳು ಆಚೆ ಹೋಗುತ್ತಿದ್ದಳು, ಅಷ್ಟೇ. ಕೊನೆಯ ಸಲ, ಹಾಸಿಗೆ ಹಿಡಿದ ಮೇಲೆ, ಅಗಸರವನು ಗಂಟು ತಂದಿಟ್ಟದ್ದು ಮಲಗಿದಲ್ಲಿಂದಲೇ ಅವರಿಗೆ ಕಂಡಿತ್ತಂತೆ. ಹೇಳುತ್ತ ಹೇಳುತ್ತ ವಿಮಲಾ ಬಿಚ್ಚಿದ ಕಾಲರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದೇ ಇದ್ದಳು.

"ಕೈ ಎತ್ತಲಿಕ್ಕೆ ಆಗಲಿಲ್ಲ ಅವರಿಗೆ. ನಾನ ಬೆರಳು ಹಿಡದು ಹಚ್ಚಿಸಿದೆ."

"ಏನರ ಅಂದ್ಲೇನು?"

"ಗುಂಡಿ ಹಾಕಿಬಿಡು, ಅಂವಗ ಕಾಣಬಾರದು, ಅಂದ್ರು."

ಹೊರಗೆ ಅಂದಾನಪ್ಪ ಮಾಸ್ತರ ಕೂಗುತ್ತಿದ್ದ, ಹೊತ್ತಾತು ಬರ್ರಿ, ಮಂದಿ ಕೂಡ್ಯಾರ. ವಿಮಲಾಬಾಯಿ ಗುಂಡಿಗಳನ್ನು ಒಂದಾದ ಮೇಲೊಂದು ಹಾಕಿದಳು. ಶ್ರೀಪಾದ ಕೊರಳನ್ನು ಅವಳ ಕೈಗೆ ಕೊಟ್ಟು, ಅವಳು ಮುಗಿಸುವ ತನಕ, ಚಿಕ್ಕವನಂತೆ ನಿಂತಿದ್ದ. ಆಮೇಲೆ ಮೆಟ್ಟಿಲು ಇಳಿದು ಹೋದ. ಆ ದಿನ ಗದಗಿನಲ್ಲಿ ಭಾಳ ಗಾಳಿ. ವೇದಿಕೆಯ ಮೇಲೆ ನಿಶಾನೆಗಳು, ಹಿರಿಯರ ಧೋತರದ ಚುಂಗು, ಕೈಯಲ್ಲಿದ್ದ ಕಾಗದ, ಎಲ್ಲ ಹಾರಾಡುತ್ತಿದ್ದವು. ಚದುರಿದ ಮಕ್ಕಳು ಎಂಬಲ್ಲಿಗೆ ಬಂದು ಶ್ರೀಪಾದ ಮಾಸ್ತರರು ಓದು ನಿಲ್ಲಿಸಿಬಿಟ್ಟರು. ಆನಂದ ತಡೆಯಲಾರದೆ ನಿಲ್ಲಿಸಿದರೆಂದು ಮಂದಿ ಚಪ್ಪಾಳೆ ತಟ್ಟಿದರು. ಕಾಲರು ಮಾತ್ರ ಅಲುಗಲಿಲ್ಲ.